ಮಾವ ಹೇಳಿದ ಸುಳ್ಳು, ನಾನು ಮುಚ್ಚಿಕೊಂಡ ಬಾಯಿ: ಖರೇ ಹೇಳುವುದು ಇಷ್ಟು ಕಷ್ಟ ಯಾಕೆ?

ಹೊಲದ ಹುಡುಗ, ಜಮಖಂಡಿ ತಾಲೂಕು (ಭಾನುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಹೆಸರು ಬೇಡ, ಊರೂ ಬೇಡ. ವಯಸ್ಸು 31. ನಾಲ್ಕು ಎಕರೆ ಕಬ್ಬು, ಎರಡು ಎಕರೆ ಅರಿಶಿಣ, ಮೂರು ಎಮ್ಮೆ. ಡಿಪ್ಲೊಮಾ ಮುಗಿಸಿ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎರಡು ವರ್ಷ ಇದ್ದೆ. ಅಪ್ಪನಿಗೆ ಮೊಣಕಾಲು ನೋವು ಜಾಸ್ತಿ ಆಯಿತು, ಬಿಟ್ಟು ಬಂದೆ. ಅದಾಗಿ ಐದು ವರ್ಷ.

ನಮ್ಮ ಕಡೆ ಹೊಲ ಮಾಡುವ ಹುಡುಗರಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತೇ ಇದೆ. ಆರು ಎಕರೆ ನೀರಾವರಿಗಿಂತ ತಿಂಗಳಿಗೆ ಹದಿನೈದು ಸಾವಿರ ಪಗಾರವೇ ಮೇಲು. ಹದಿಮೂರು ಕಡೆ ಕನ್ಯಾ ನೋಡಿದೆ. ಹದಿಮೂರೂ ಕಡೆ ಖರೇ ಹೇಳಿದೆ, ಹೊಲ ಮಾಡುತ್ತೇನೆ ಅಂತ. ಉಪ್ಪಿಟ್ಟು ಕೊಟ್ಟರು, ಚಹಾ ಕೊಟ್ಟರು. ಎರಡು ದಿನ ಬಿಟ್ಟು "ಹುಡುಗಿ ಇನ್ನೂ ಓದ್ತಾಳಂತ್ರಿ" ಅಂತ ಫೋನ್ ಮಾಡಿದರು. ಅದರಲ್ಲಿ ಇಬ್ಬರ ಮದುವೆ ಅದೇ ತಿಂಗಳು ಆಯಿತು!

ಹೋದ ದೀಪಾವಳಿ ಆದ ಮೇಲೆ ಮುಧೋಳ ಕಡೆ ಒಂದು ಮನೆಗೆ ಹೋದೆವು. ಹುಡುಗಿಯ ಅಪ್ಪ ಕೇಳಿದರು, "ಹುಡುಗ ಏನ್ ಮಾಡ್ತಾನ್ರಿ?" ನಾನು ಬಾಯಿ ತೆಗೆಯುವ ಮೊದಲೇ ನಮ್ಮ ಸೋದರಮಾವ, "ಬೆಳಗಾವ್ಯಾಗ ಕಂಪನ್ಯಾಗ ಅದಾನ್ರಿ, ಸೂಪರ್‌ವೈಜರ್" ಅಂದುಬಿಟ್ಟರು. ಅಪ್ಪ ನೆಲ ನೋಡುತ್ತ ಕೂತ. ನಾನು ಚಹಾದ ಕಪ್ಪು ಬಾಯಿಗೆ ಹಚ್ಚಿದೆ. ಮಾತು ಬೇರೆ ಕಡೆ ಹೋಗುವ ತನಕ ಕಪ್ಪು ಕೆಳಗೆ ಇಡಲಿಲ್ಲ.

ನಿಶ್ಚಯ ಆಯಿತು. ಮದುವೆ ಮೇ ತಿಂಗಳಲ್ಲಿ. ದಿನಾ ಫೋನಿನಲ್ಲಿ ಮಾತಾಡುತ್ತೇವೆ. "ಇವತ್ತ ಯಾವ ಶಿಫ್ಟ್?" ಅಂತಾಳೆ. ಫಸ್ಟ್ ಶಿಫ್ಟ್ ಅಂತೀನಿ. ಮಾವ ಹೇಳಿದ್ದು ಒಂದೇ ಸುಳ್ಳು. ಅದಕ್ಕೆ ನಾನು ಕೂಡಿಸಿದ್ದು ನೂರಾದರೂ ಇದ್ದಾವು. ಕ್ಯಾಂಟೀನಿನ ಊಟ, ಬಾಡಿಗೆ ರೂಮು, ಗೊರಕೆ ಹೊಡೆಯುವ ರೂಮ್‌ಮೇಟ್. ಆ ರೂಮ್‌ಮೇಟ್‌ಗೆ ಒಂದು ಹೆಸರೂ ಇಟ್ಟಿದ್ದೇನೆ.

ಕಬ್ಬಿನ ತೂಕದಲ್ಲಿ ಹತ್ತು ಕಿಲೋ ಹೆಚ್ಚು ಕಡಿಮೆ ಆದರೂ ಕಾಟಾದ ಮುಂದೆ ಜಗಳ ತೆಗೆಯುವವನು ನಾನು. ಅವತ್ತು ಯಾಕೆ ಬಾಯಿ ಬರಲಿಲ್ಲ? ಈಗ ಯಾಕೆ ಬರುತ್ತಿಲ್ಲ?

ಕಟ್ಟೆ ಪುರಾಣ (ಭಾನುವಾರ, ರಾತ್ರಿ 9:52)

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿದ್ದಾರೆ. ನಿಮ್ಮದು ಇನ್ನೂ ನೂರು. ಒಂಬೈನೂರು ಬಾಕಿ ಇದೆ, ಗಾಬರಿ ಯಾಕೆ?

ಇಳಕಲ್ ಸೆರಗು (ಭಾನುವಾರ, ರಾತ್ರಿ 10:15)

ಆ ಗಾದೆ ಕಟ್ಟಿದವರು ಗಂಡಿನ ಕಡೆಯವರೇ ಇರಬೇಕು.

ನನ್ನ ಮದುವೆ ಆಗಿದ್ದು 2009ರಲ್ಲಿ. ಹುಡುಗ ಬ್ಯಾಂಕಿನಲ್ಲಿದ್ದಾನೆ ಅಂದರು. ಬಂದು ನೋಡಿದರೆ ಪಿಗ್ಮಿ ಕಲೆಕ್ಷನ್. ಸಂಜೆ ಹೊತ್ತು ಅಂಗಡಿ ಅಂಗಡಿ ತಿರುಗಿ ಇಪ್ಪತ್ತು, ಐವತ್ತು ರೂಪಾಯಿ ಬರೆದುಕೊಳ್ಳುವ ಕೆಲಸ. ಅದರಲ್ಲಿ ಕೀಳೇನೂ ಇಲ್ಲ. ಅದೇ ದುಡ್ಡಿನಲ್ಲಿ ನನ್ನ ಇಬ್ಬರು ಮಕ್ಕಳು ಓದಿದ್ದಾರೆ. ಮೊದಲೇ ಹೇಳಿದ್ದರೂ ನಾನು ಹೂಂ ಅಂತಿದ್ದೆನೇನೋ.

ಸಿಟ್ಟು ಬಂದಿದ್ದು ಬೇರೆಯದಕ್ಕೆ. ಮದುವೆಯಾಗಿ ಎರಡು ತಿಂಗಳಿಗೆ ಕಿರಾಣಿ ಅಂಗಡಿಯವನು "ಪಿಗ್ಮಿ ಅಣ್ಣಾರ ಮನಿಯವರಲ್ರಿ?" ಅಂದ. ಅವತ್ತು ನನಗೆ ತಿಳಿಯಿತು. ಓಣಿಗೆಲ್ಲ ಮೊದಲೇ ಗೊತ್ತಿತ್ತು. ಆ ಎರಡು ತಿಂಗಳು ನಾನು ತವರಿನವರಿಗೆ, ಗೆಳತಿಯರಿಗೆ ಬ್ಯಾಂಕು, ಬ್ಯಾಂಕು ಅಂತ ಹೇಳುತ್ತ ತಿರುಗಿದ್ದೆ. ಅವರು ಕಟ್ಟಿದ ಸುಳ್ಳಿನ ಮೂಟೆಗೆ ನಾನು ಹಮಾಲಿ ಮಾಡಿದ್ದೆ.

ತಮ್ಮಾ, ನಿಮ್ಮ ಹುಡುಗಿ ಈಗ ಯಾರಿಗೋ "ನಮ್ಮವರಿಗೆ ಈ ವಾರ ಫಸ್ಟ್ ಶಿಫ್ಟ್" ಅಂತ ಹೇಳುತ್ತಿರುತ್ತಾಳೆ. ಅದೊಂದು ಯೋಚನೆ ಮಾಡಿ.

ಇದ್ದದ್ದು ಇದ್ದಂಗ (ಭಾನುವಾರ, ರಾತ್ರಿ 10:31)

ಇದರಲ್ಲಿ ಚರ್ಚೆ ಮಾಡುವುದು ಏನಿದೆ? ಫೋನ್ ಎತ್ತಿ ಹೇಳಿದರೆ ಮುಗಿಯಿತು. ನಾನು ಯಾರ ಮುಲಾಜೂ ಇಲ್ಲದೆ ಮುಖದ ಮೇಲೆ ಹೇಳುವವನು. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ.

ಕಟ್ಟೆ ಪುರಾಣ (ಭಾನುವಾರ, ರಾತ್ರಿ 10:33)

ಅದಕ್ಕೇ ಸರ್ ನಿಮ್ಮನ್ನು ಯಾರೂ ಕನ್ಯಾ ನೋಡಲು ಕರೆದುಕೊಂಡು ಹೋಗುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುವ ಗಾದೆಯೂ ಉಂಟು.

ಎಂ.ಎ. ಕೊನೆ ವರ್ಷ, ಬೆಳಗಾವಿ (ಭಾನುವಾರ, ರಾತ್ರಿ 11:20)

ಅಣ್ಣಾ, ನಾನು ಓದುತ್ತಿರುವುದು ಮನಶ್ಶಾಸ್ತ್ರ. ಪರೀಕ್ಷೆಗೆ ಓದಿದ್ದು ಇಲ್ಲಾದರೂ ಉಪಯೋಗಕ್ಕೆ ಬರಲಿ.

ದಿನಾ ಸುಳ್ಳು ಹೇಳುವುದು ನೀವೊಬ್ಬರೇ ಅಲ್ಲ. 1996ರಲ್ಲಿ ಬೆಲ್ಲಾ ಡಿಪೌಲೊ ಅನ್ನುವವರು ತಮ್ಮ ಜೊತೆಗಾರರ ಸಂಗಡ ಅಮೆರಿಕದಲ್ಲಿ 77 ಕಾಲೇಜು ವಿದ್ಯಾರ್ಥಿಗಳಿಂದ, 70 ಜನ ಊರವರಿಂದ ಒಂದು ವಾರ ಸುಳ್ಳಿನ ಡೈರಿ ಬರೆಸಿದರು. ವಿದ್ಯಾರ್ಥಿಗಳದು ದಿನಕ್ಕೆ ಸುಮಾರು ಎರಡು ಸುಳ್ಳು, ಊರವರದು ಒಂದು. ಆಮೇಲೆ 2010ರಲ್ಲಿ ಬೇರೆಯವರು ಸಾವಿರ ಜನರನ್ನು ಕೇಳಿದರು. ಹತ್ತರಲ್ಲಿ ಆರು ಮಂದಿ, ಹಿಂದಿನ 24 ಗಂಟೆಯಲ್ಲಿ ಒಂದೂ ಹೇಳಿಲ್ಲ ಅಂದರು. ಒಟ್ಟು ಸುಳ್ಳಿನಲ್ಲಿ ಹೆಚ್ಚು ಕಡಿಮೆ ಅರ್ಧ, ನೂರಕ್ಕೆ ಐದು ಜನರ ಬಾಯಿಂದಲೇ ಬಂದಿತ್ತು. ಸುಳ್ಳಿನ ಬಗ್ಗೆ ಕೇಳಿದಾಗ ಜನ ನಿಜ ಹೇಳಿದರಾ ಅಂತ ನಮ್ಮ ಕ್ಲಾಸಿನಲ್ಲೂ ನಗಾಡಿದ್ದೆವು.

ನಿಮ್ಮ ನೂರು ಸುಳ್ಳಿನ ಮಾತಿಗೆ ಹತ್ತಿರ ಇರುವುದು 2016ರ ಲಂಡನ್ ಪ್ರಯೋಗ. ಗಾಜಿನ ಭರಣಿಯಲ್ಲಿ ಎಷ್ಟು ನಾಣ್ಯ ಇದೆ ಅಂತ ಜೊತೆಗಾರನಿಗೆ ಸಲಹೆ ಕೊಡುವ ಆಟ. ಕೆಲವು ಸುತ್ತಿನಲ್ಲಿ ತಪ್ಪು ಹೇಳಿದರೆ ನಿಮಗೆ ಲಾಭ, ಅವನಿಗೆ ನಷ್ಟ. ಆಡುವಾಗ ಕೆಲವರ ಮೆದುಳನ್ನು ಸ್ಕ್ಯಾನ್ ಮಾಡಿದರು. ಭಯ, ಹಳಹಳಿ ಬಂದಾಗ ಚುರುಕಾಗುವ ಅಮಿಗ್ಡಲಾ ಅನ್ನುವ ಭಾಗ ಮೊದಲ ಸುಳ್ಳಿಗೆ ಜೋರಾಗಿ ಮಿಡಿಯಿತು. ಸುಳ್ಳು ಮುಂದುವರಿದ ಹಾಗೆ ಆ ಮಿಡಿತ ಇಳಿಯಿತು. ಮಿಡಿತ ಇಳಿದಷ್ಟೂ ಮುಂದಿನ ಸುಳ್ಳು ದೊಡ್ಡದಾಯಿತು. ಚಹಾದ ಕಪ್ಪಿನಿಂದ ಶುರುವಾಗಿ ರೂಮ್‌ಮೇಟ್‌ಗೆ ನಾಮಕರಣ ಮಾಡುವ ತನಕ ಬಂದಿದ್ದೀರಿ. ದಾರಿ ಅದೇ.

ಒಂದು ತಮಾಷೆ ಹೇಳಿ ಮಲಗುತ್ತೇನೆ. ಫಾರಂ ತುಂಬುವ ಮೊದಲೇ ಸಹಿ ಮಾಡಿಸಿದರೆ ಜನ ಸುಳ್ಳು ಕಡಿಮೆ ಬರೆಯುತ್ತಾರೆ ಅಂತ 2012ರಲ್ಲಿ ಒಂದು ಸಂಶೋಧನೆ ಬಂದು ಬಹಳ ಹೆಸರು ಮಾಡಿತ್ತು. 2021ರಲ್ಲಿ ಅದನ್ನು ವಾಪಸು ತೆಗೆದುಕೊಂಡರು. ಅದರೊಳಗಿನ ಒಂದು ಲೆಕ್ಕವೇ ಖೊಟ್ಟಿ!

ನಿವೃತ್ತ ಟೀಚರ್, ವಿಜಯಪುರ (ಸೋಮವಾರ, ಬೆಳಿಗ್ಗೆ 6:10)

ಅಮಿಗ್ಡಲಾ ಇರಲಿ, ಈ ಹುಡುಗ ಹದಿಮೂರು ಸಲ ಖರೇ ಹೇಳಿ ಹದಿಮೂರು ಸಲ ಪೆಟ್ಟು ತಿಂದಿದ್ದಾನೆ. ಹದಿನಾಲ್ಕನೆಯ ಸಲಕ್ಕೆ ಬಾಯಿ ಮುಚ್ಚಿದ. ಇದನ್ನು ನಾನು 34 ವರ್ಷ ಕ್ಲಾಸಿನಲ್ಲಿ ನೋಡಿದ್ದೇನೆ.

ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳಲ್ಲಿ ಮಾಡಿದ ಒಂದು ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಒಂದರಲ್ಲಿ ಹೊಡೆತ ಬಡಿತ, ಇನ್ನೊಂದರಲ್ಲಿ ಇಲ್ಲ. ಮೂರು ನಾಲ್ಕು ವರ್ಷದ ಮಕ್ಕಳ ಬೆನ್ನ ಹಿಂದೆ ಆಟಿಕೆ ಇಟ್ಟು, ತಿರುಗಿ ನೋಡಬೇಡ ಅಂತ ಹೇಳಿ ಹೊರಗೆ ಹೋಗುತ್ತಾರೆ. ಎರಡೂ ಕಡೆ ಹೆಚ್ಚಿನ ಮಕ್ಕಳು ಇಣುಕಿದವು. ಮಕ್ಕಳಲ್ಲವಾ! ಆದರೆ ನೋಡಿದೆಯಾ ಅಂತ ಕೇಳಿದಾಗ, ಹೊಡೆತದ ಶಾಲೆಯಲ್ಲಿ ಇಣುಕಿದ ಮಕ್ಕಳು ಹೆಚ್ಚು ಕಡಿಮೆ ಎಲ್ಲವೂ ಇಲ್ಲ ಅಂದವು. ಸುಳ್ಳನ್ನು ಎಡವದೆ ನಡೆಸಿಕೊಂಡೂ ಹೋದವು. ಇನ್ನೊಂದು ಶಾಲೆಯ ಮಕ್ಕಳಿಗೆ ಅಷ್ಟು ಚಾಲಾಕಿತನ ಇರಲಿಲ್ಲ.

ಈಗ ನನ್ನದು ಹೇಳುತ್ತೇನೆ. ಶಾಲೆಯಲ್ಲಿ ಹೊಡೆಯುವುದನ್ನು ಕಾನೂನು ತಂದು ನಿಲ್ಲಿಸಿದ್ದು 2010ರಲ್ಲಿ. ಇದು ಅದಕ್ಕೂ ಬಹಳ ಹಿಂದಿನ ಮಾತು. ನಾಲ್ಕನೇ ಇಯತ್ತೆಯ ಹುಡುಗನೊಬ್ಬ ದಿನಾ ಗಣಿತದ ನೋಟ್‌ಬುಕ್ "ಮನ್ಯಾಗ ಬಿಟ್ಟು ಬಂದೇನ್ರಿ" ಅನ್ನುತ್ತಿದ್ದ. ದಿನಾ ಕೈ ಮೇಲೆ ಎರಡು ಪೆಟ್ಟು ಹಾಕುತ್ತಿದ್ದೆ. ಮೂರು ವಾರ ನಡೆಯಿತು. ಕೊನೆಗೆ ಅವನ ಅವ್ವ ಸಂತೆಯಲ್ಲಿ ಸಿಕ್ಕಳು. ನೋಟ್‌ಬುಕ್ ಕೊಂಡೇ ಇರಲಿಲ್ಲ, ದುಡ್ಡಿರಲಿಲ್ಲ. "ಇಲ್ಲ" ಅನ್ನುವ ಒಂದು ಮಾತಿಗಿಂತ ಪೆಟ್ಟೇ ಅವನಿಗೆ ಸಸಾರವಾಗಿತ್ತು. ಅಲ್ಲಿಯ ತನಕ ಮಕ್ಕಳು ಹೆದರಿ ಸುಳ್ಳು ಹೇಳುತ್ತವೆ ಅಂದುಕೊಂಡಿದ್ದೆ. ನಾಚಿಕೆ ಅದಕ್ಕಿಂತ ದೊಡ್ಡದು ಅಂತ ಅವನು ಕಲಿಸಿದ. ಆ ಕೋಲು ಹಿಡಿದಿದ್ದು ಇದೇ ಕೈ.

ತಮ್ಮಾ, ನಿನಗೂ ಆಗಿದ್ದು ನಾಚಿಕೆ. ಹೊಲ ಮಾಡುತ್ತೇನೆ ಅನ್ನುವುದಕ್ಕೆ ನಾಚಿಕೆ ಪಡುವ ಕಾಲ ಬಂತಲ್ಲ, ಅದಕ್ಕೆ ಯಾರನ್ನು ಹೊಡೆಯೋಣ?

ಡಬಲ್ ಬೆಲ್ (ಸೋಮವಾರ, ಮಧ್ಯಾಹ್ನ 1:05)

ನಾನು ಬಸ್ ಕಂಡಕ್ಟರ್. ಬಾಗಲಕೋಟೆ, ವಿಜಯಪುರ ರೂಟು. ಸುಳ್ಳು ನೋಡಬೇಕಾದರೆ ನನ್ನ ಬಸ್ ಹತ್ತಿ. ಆರು ವರ್ಷ ತುಂಬದ ಮಗುವಿಗೆ ಟಿಕೆಟ್ ಇಲ್ಲ, ಹನ್ನೆರಡರ ತನಕ ಅರ್ಧ. ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಯಾವ ಮಗುವಿಗೂ ಆರು ತುಂಬುವುದೇ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ವಯಸ್ಸು ಸರಿಹೋಯಿತು, ಗಂಡುಹುಡುಗರದು ಹಾಗೇ ನಿಂತಿದೆ. ಮೊನ್ನೆ ಒಬ್ಬ ತಾಯಿ "ಐದ್ರಿ" ಅಂದಳು. ಹುಡುಗ ಎದ್ದು ನಿಂತು, "ಇಲ್ರಿ ಮಾಮಾ, ಎರಡನೇತ್ತಾ ಅದೇನಿ" ಅಂದ. ತಾಯಿ ಚಿವುಟಿದಳು. ಆ ಚಿವುಟಿನಲ್ಲೇ ಅವನಿಗೆ ಪಾಠ ಆಯಿತು.

ಆದರೆ ಅದೇ ಜನ ಸೀಟಿನ ಕೆಳಗೆ ಪಾಕೀಟು ಸಿಕ್ಕರೆ ತಂದು ಕೊಡುತ್ತಾರೆ. ಇದು ನನಗೆ ಇವತ್ತಿಗೂ ತಿಳಿದಿಲ್ಲ.

ಎಂ.ಎ. ಕೊನೆ ವರ್ಷ, ಬೆಳಗಾವಿ (ಸೋಮವಾರ, ಮಧ್ಯಾಹ್ನ 2:20)

ಕಂಡಕ್ಟರ್ ಅಣ್ಣಾ, 2019ರಲ್ಲಿ ಅದನ್ನೇ ನೋಡಿದರು. 40 ದೇಶ, 355 ಊರು, 17 ಸಾವಿರಕ್ಕೂ ಹೆಚ್ಚು ಪಾಕೀಟು. "ರಸ್ತೆಯಲ್ಲಿ ಸಿಕ್ಕಿತು" ಅಂತ ಹೋಟೆಲ್, ಬ್ಯಾಂಕ್ ಕೌಂಟರಿನಲ್ಲಿ ಕೊಟ್ಟು ಬಂದರು. ದುಡ್ಡಿಲ್ಲದ ಪಾಕೀಟಿಗೆ ನೂರಕ್ಕೆ 40 ಮಂದಿ ಮಾಲೀಕರಿಗೆ ತಿಳಿಸಿದರು. ದುಡ್ಡಿದ್ದದ್ದಕ್ಕೆ 51! ದುಡ್ಡು ಇಟ್ಟುಕೊಂಡರೆ ತಾನು ಕಳ್ಳ ಅಂತ ತನಗೇ ಅನಿಸುತ್ತದೆ. ಮಗನ ವಯಸ್ಸು ಕಡಿಮೆ ಹೇಳಿದರೆ ಹಾಗೆ ಅನಿಸುವುದಿಲ್ಲ, ಅಲ್ವಾ? ಮಾವ ಸುಳ್ಳು ಹೇಳಿ ತಾನು ಕಪ್ಪು ಹಿಡಿದರೆ ಇನ್ನೂ ಅನಿಸುವುದಿಲ್ಲ.

ಹೊಲದ ಹುಡುಗ, ಜಮಖಂಡಿ ತಾಲೂಕು (ಸೋಮವಾರ, ರಾತ್ರಿ 8:15)

ತಂಗಿ ಹೇಳಿದ್ದು ಸರಿಯಾಗಿ ಚುಚ್ಚಿತು. ಆದರೆ ಮಾವನನ್ನು ಯಾರೂ ಬೈಯಬೇಡಿ. ಹದಿಮೂರು ಮನೆಗೂ ಸ್ವಂತ ಪೆಟ್ರೋಲ್ ಹಾಕಿಕೊಂಡು ಬಂದವರು ಅವರು.

ಇಳಕಲ್ ಅಕ್ಕಾರ, ನಿಮ್ಮದನ್ನು ಮೂರು ಸಲ ಓದಿದೆ. ಹೇಳಬೇಕು ಅಂತ ನಿನ್ನೆ ಫೋನ್ ಹಚ್ಚಿದೆ. ಅವಳು ಮಾತಿಗೆ ಮೊದಲೇ ನಕ್ಕಳು. ನಾನು ಕ್ಯಾಂಟೀನಿನ ಸಾರಿನ ಸುದ್ದಿ ಹೇಳಿ ಇಟ್ಟೆ.

ರಾತ್ರಿ ಪಾಳಿ ನರ್ಸ್, ಬಾಗಲಕೋಟೆ (ಮಂಗಳವಾರ, ನಸುಕಿನ 3:30)

ಈಗ ವಾರ್ಡ್ ಶಾಂತ ಇದೆ, ಬರೆಯುತ್ತೇನೆ. ನಮ್ಮಲ್ಲಿ ಸುಳ್ಳು ಅಂದರೆ ಹೆಚ್ಚಾಗಿ ಪ್ರೀತಿಯಿಂದ ಹೇಳಿದ್ದು. ಕ್ಯಾನ್ಸರ್ ಅಂತ ಮಕ್ಕಳಿಗೆ ಗೊತ್ತಿರುತ್ತದೆ, ರೋಗಿಗೆ ಗೊತ್ತಿರುವುದಿಲ್ಲ. "ಅಲ್ಸರ್ ಅಂತ ಹೇಳೇವ್ರಿ ಸಿಸ್ಟರ್, ನೀವೂ ಹಂಗ ಹೇಳ್ರಿ" ಅಂತ ಬಾಗಿಲಲ್ಲೇ ಹಿಡಿದು ಹೇಳುತ್ತಾರೆ.

ಒಬ್ಬ ಅಜ್ಜ ಇದ್ದರು, ಹೊಟ್ಟೆಯದು. ಮಕ್ಕಳ ಮುಂದೆ "ಅಲ್ಸರ್ ಲಗೂನ ಕಡಿಮಿ ಆಕ್ಕೈತಿ" ಅಂತ ತಾವೇ ಧೈರ್ಯ ಹೇಳುತ್ತಿದ್ದರು. ಒಂದು ರಾತ್ರಿ ಇದೇ ಹೊತ್ತಿಗೆ ನನ್ನನ್ನು ಕರೆದರು. "ಯವ್ವಾ, ರೋಗದ ಹೆಸರು ಬ್ಯಾಡ. ಹೊಲ ಪಾಲು ಮಾಡ್ಲೋ, ಸುಗ್ಗಿ ಮುಗಿಯೂತನಕಾ ತಡೀಲೋ, ಅಷ್ಟ ಹೇಳು" ಅಂದರು. ಎಲ್ಲ ಗೊತ್ತಿತ್ತು ಅವರಿಗೆ. ಮಕ್ಕಳು ಅಜ್ಜನನ್ನು ಕಾಯಲು ಸುಳ್ಳು ಹೇಳುತ್ತಿದ್ದರು, ಅಜ್ಜ ಮಕ್ಕಳನ್ನು ಕಾಯಲು. ನಡುವೆ ಒಂದು ತಿಂಗಳು ಯಾರೂ ಯಾರ ಹತ್ತಿರವೂ ಒಂದು ನಿಜವಾದ ಮಾತು ಆಡಿರಲಿಲ್ಲ. ಉತ್ತರ ಕೊಡುವ ಅಧಿಕಾರ ನನಗಿರಲಿಲ್ಲ. ಬೆಳಿಗ್ಗೆ ಡಾಕ್ಟರಿಗೆ ಹೇಳಿದೆ. ಅವರು ಮೂವರೂ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿದರು. ಅವತ್ತು ಮಧ್ಯಾಹ್ನ ಅಜ್ಜನ ಹಾಸಿಗೆ ಸುತ್ತ ಎಲ್ಲರೂ ಅತ್ತರು. ಆಮೇಲೆ ಅಜ್ಜ ಬಾವಿ ಯಾರಿಗೆ, ಎತ್ತು ಯಾರಿಗೆ ಅಂತ ಒಂದು ತಾಸು ಹೇಳಿದರು. ಅಷ್ಟು ಜೋರು ದನಿ ಅವರದು ನಾನು ಅಲ್ಲಿಯ ತನಕ ಕೇಳಿರಲಿಲ್ಲ.

ಎಲ್ಲರಿಗೂ ಎಲ್ಲವನ್ನೂ ಹೇಳಿಬಿಡಿ ಅಂತ ನಾನು ಹೇಳುವುದಿಲ್ಲ. ಬೇಡ ಅನ್ನುವ ರೋಗಿಗಳೂ ಇದ್ದಾರೆ. ಆದರೆ ಕೇಳಿದವರಿಗೆ ಸುಳ್ಳು ಹೇಳುವುದು ಬೇರೆ.

ಕಪ್ಪು ಕೋಟು, ಬೆಳಗಾವಿ (ಮಂಗಳವಾರ, ಸಂಜೆ 6:45)

ನನಗೆ ದುಡ್ಡು ಬರುವುದೇ ಜನ ಸುಳ್ಳು ಹೇಳುವುದರಿಂದ, ಹಾಗಾಗಿ ಜಾಸ್ತಿ ಬೈಯಲಾರೆ. ಸಾಕ್ಷಿ ಕಟ್ಟೆಯಲ್ಲಿ ದೇವರ ಮೇಲೆ ಪ್ರಮಾಣ ಮಾಡಿ ಸುಳ್ಳು ಸಾಕ್ಷ್ಯ ಹೇಳಿದರೆ ಏಳು ವರ್ಷದ ತನಕ ಶಿಕ್ಷೆ ಇದೆ. ಕಟ್ಟೆ ಹತ್ತಿದವರಿಗೆ ಅದು ನೆನಪಿರುವುದಿಲ್ಲ. ಪಾಟೀ ಸವಾಲಿನಲ್ಲಿ ನಾನು ನೋಡಿದ ಹಾಗೆ ದೊಡ್ಡ ಸುಳ್ಳಿಗಿಂತ ಸಣ್ಣ ಸುಳ್ಳೇ ಜನರನ್ನು ಕೆಡಿಸುತ್ತದೆ. ಓದಲು ಬರುತ್ತದಾ ಅಂದರೆ ಬರುತ್ತದೆ ಅನ್ನುತ್ತಾರೆ. ಕಾಗದ ಕೈಗೆ ಕೊಟ್ಟರೆ ಚಷ್ಮಾ ತಂದಿಲ್ಲ ಅನ್ನುತ್ತಾರೆ. ಕೇಸು ಇರುವುದು ಬದುವಿನದು, ಬಿದ್ದುಹೋಗುವುದು ಚಷ್ಮಾದಲ್ಲಿ.

ಸುಳ್ಳು ಹಿಡಿಯುವ ಮಷೀನು ಇದೆಯಲ್ಲ ಅಂತ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಒಪ್ಪಿಗೆ ಇಲ್ಲದೆ ಯಾರ ಮೇಲೂ ಪಾಲಿಗ್ರಾಫ್, ನಾರ್ಕೋ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರ ಮೇ 5ರಂದು ಹೇಳಿದೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಕೇಸು ಅದು.

ಹುಡುಗನಿಗೆ ಒಂದು ಮಾತು. ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನ ಪ್ರಕಾರ, ಮುಖ್ಯ ಸಂಗತಿ ಮುಚ್ಚಿಟ್ಟು ಮೋಸದಿಂದ ಒಪ್ಪಿಗೆ ಪಡೆದಿದ್ದರೆ ಮದುವೆ ರದ್ದು ಕೇಳಬಹುದು. ಮೋಸ ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಹೆದರಿಸಲು ಹೇಳುತ್ತಿಲ್ಲ. ಇವತ್ತು ಹೇಳಿದರೆ ಒಂದು ಮನೆಯ ಪಡಸಾಲೆಯಲ್ಲಿ ಮುಗಿಯುತ್ತದೆ. ಮೇ ಆದ ಮೇಲೆ ನಮ್ಮಂಥವರ ಆಫೀಸಿಗೆ ಬರುತ್ತದೆ, ನಮ್ಮ ಫೀಸು ಜಾಸ್ತಿ.

ಎಂ.ಎ. ಕೊನೆ ವರ್ಷ, ಬೆಳಗಾವಿ (ಮಂಗಳವಾರ, ರಾತ್ರಿ 7:30)

ಮುಖ ನೋಡಿ ಸುಳ್ಳು ಹಿಡಿಯುವುದೂ ಅಷ್ಟೇ ವಕೀಲರೇ. ನೂರಾರು ಪ್ರಯೋಗ ಕೂಡಿಸಿ 2006ರಲ್ಲಿ ಲೆಕ್ಕ ಹಾಕಿದರೆ ನೂರಕ್ಕೆ 54 ಸಲ ಸರಿ ಬಂತು. ನಾಣ್ಯ ಚಿಮ್ಮಿದರೆ 50 ಬರುತ್ತದೆ. ನಿಜ ಜೀವನದಲ್ಲಿ ಸುಳ್ಳು ಸಿಕ್ಕಿಬೀಳುವುದು ಮುಖದಿಂದಲ್ಲ. ಯಾರೋ ಹೇಳಿದ್ದರಿಂದ, ಎಲ್ಲೋ ಸಿಕ್ಕ ಚೀಟಿಯಿಂದ, ಅದೂ ಎಷ್ಟೋ ದಿನದ ಮೇಲೆ. ಇಳಕಲ್ ಅಕ್ಕನಿಗೆ ಕಿರಾಣಿ ಅಂಗಡಿಯವನು ಸಿಕ್ಕ ಹಾಗೆ.

ಅಣ್ಣಾ, ಇನ್ನೊಂದು. 2018ರಲ್ಲಿ ಕೆಲವರಿಗೆ ಮೂರು ದಿನ ಪೂರ್ತಿ ನಿಜ ಮಾತಾಡಲು ಹೇಳಿದರು. ಶುರುವಿನಲ್ಲಿ ಎದುರಿನವರು ಸಿಟ್ಟಾಗುತ್ತಾರೆ, ಸಂಬಂಧ ಕೆಡುತ್ತದೆ ಅಂತ ಹೆದರಿಕೆ. ಆಗಿದ್ದು ಅಂದುಕೊಂಡಷ್ಟು ಕೆಟ್ಟದ್ದಲ್ಲ. ಅಮೆರಿಕದ ಮಾತು ಅದು, ಮುಧೋಳಕ್ಕೆ ಎಷ್ಟು ನಡೆಯುತ್ತದೋ ನೋಡಿ.

ಇದ್ದದ್ದು ಇದ್ದಂಗ (ಮಂಗಳವಾರ, ರಾತ್ರಿ 11:58)

ನರ್ಸ್ ಅಕ್ಕ ಬರೆದಿದ್ದು ಓದಿದ ಮೇಲೆ ನಿದ್ದೆ ಬರಲಿಲ್ಲ. 2021ರ ಮೇ ತಿಂಗಳಲ್ಲಿ ಅಪ್ಪ, ಅವ್ವ ಇಬ್ಬರಿಗೂ ಕೋವಿಡ್. ಬೇರೆ ಬೇರೆ ವಾರ್ಡ್. ಅಪ್ಪ ವಿಡಿಯೋ ಕಾಲಿನಲ್ಲಿ "ನಿಮ್ಮವ್ವ ಹೆಂಗದಾಳ?" ಅಂದರು. "ಆರಾಮ ಅದಾಳ, ಗಂಜಿ ಕುಡಿದ್ಲು" ಅಂದೆ. ಅವ್ವ ಹೋಗಿ ಎರಡು ದಿನ ಆಗಿತ್ತು. ಮೂರನೇ ದಿನ ಅಪ್ಪನೂ ಹೋದರು. ಆ ಗಂಜಿ ನನ್ನ ಬಾಯಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ.

ಮುಖದ ಮೇಲೆ ಹೇಳುವವನು ಅಂತ ಮೇಲೆ ಬರೆದೆನಲ್ಲ, ಆ ಸಾಲು ಅಳಿಸಲು ನೋಡಿದೆ. ಇರಲಿ ಬಿಡಿ.

ಇಳಕಲ್ ಸೆರಗು (ಬುಧವಾರ, ಬೆಳಿಗ್ಗೆ 7:12)

ಅಣ್ಣಾರ, ಆ ಸುಳ್ಳಿಗೂ ಈ ಸುಳ್ಳಿಗೂ ಹೋಲಿಕೆ ಇಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಹೊಲದ ಹುಡುಗ, ಜಮಖಂಡಿ ತಾಲೂಕು (ಮುಂದಿನ ಸೋಮವಾರ, ರಾತ್ರಿ 9:05)

ಬುಧವಾರ ರಾತ್ರಿ ಹೇಳಿದೆ. ಕಬ್ಬಿನ ನಡುವೆ ಬದುವಿನ ಮೇಲೆ ಕೂತು ಹೇಳಿದೆ. "ಕಂಪನಿ ಇಲ್ಲ, ಶಿಫ್ಟ್ ಇಲ್ಲ, ಹೊಲ ಅಷ್ಟೇ." ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಗೊತ್ತೈತಿ" ಅಂದಳು.

ಹೇಗೆ ಅಂದೆ. "ಕರೆಂಟ್ ಬಂದ ಕೂಡ್ಲೇ ಫೋನ್ ಇಡ್ತೀರಲ್ಲ. ನಮ್ಮ ಅಪ್ಪಾನೂ ಹಂಗ ಮೋಟರ್ ಹಚ್ಚಾಕ ಓಡ್ತಾನ. ಮತ್ತ ನಿಮ್ಮ ರೂಮ್‌ಮೇಟ್ ಗೊರಕಿ ಹೊಡ್ಯಾಕತ್ತಾನ ಅಂದ್ರಲ್ಲ ಅವತ್ತ, ಅದು ಎಮ್ಮಿ ಒದರಿದ್ದು."

ಮತ್ತೆ ಯಾಕೆ ಕೇಳಲಿಲ್ಲ ಅಂದೆ. ನೀವಾಗಿಯೇ ಹೇಳುತ್ತೀರೇನೋ ಅಂತ ಕಾದೆ ಅಂದಳು. ನನಗೆ ಒಂದು ಗಳಿಗೆ ಸಿಟ್ಟು ಬಂತು, ದಿನಾ ಯಾವ ಶಿಫ್ಟ್ ಅಂತ ಕೇಳಿ ನೋಡುತ್ತಿದ್ದಳಲ್ಲ ಅಂತ. ಸಿಟ್ಟು ಮಾಡಿಕೊಳ್ಳಲು ನನಗೆ ಯಾವ ಬಾಯಿ ಇದೆ ಹೇಳಿ. ಅವಳಿಗೂ ಸಿಟ್ಟಿತ್ತು. ಹೊಲದ ಮೇಲಲ್ಲ, ಆ ರೂಮ್‌ಮೇಟ್ ಮೇಲೆ. "ಅಷ್ಟ ಚೆಂದ ಕಟ್ಟಿ ಹೇಳ್ತಿದ್ರಿ, ನಾಳಿ ಯಾವ್ದು ಖರೇ ಅಂತ ನಾ ಹೆಂಗ ತಿಳ್ಕೋಬೇಕು?" ಅಂದಳು. ಉತ್ತರ ಇರಲಿಲ್ಲ. ಅಪ್ಪನಿಗೆ ಮಾತ್ರ ಫೋನಿನಲ್ಲಿ ಬೇಡ, ಬಂದು ಹೇಳಿ, ಮಾವನನ್ನು ಕರೆತರಬೇಡಿ ಅಂದಳು.

ನಿನ್ನೆ ಮುಧೋಳಕ್ಕೆ ಹೋಗಿದ್ದೆ. ಅದೇ ಪಡಸಾಲೆ. ಚಹಾ ತಂದಿಟ್ಟರು. ಮೊದಲು ಹೇಳಿ ಆಮೇಲೆ ಕುಡಿದೆ, ಅಷ್ಟೊತ್ತಿಗೆ ಆರಿಹೋಗಿತ್ತು. ಅವರು ಸಿಟ್ಟಾಗಲಿಲ್ಲ, ನಗಲೂ ಇಲ್ಲ. "ನೀರು ಬೋರಿಂದೋ ಹೊಳೀದೋ?" ಅಂತ ಕೇಳಿದರು. ಹೊಳೆಯದು ಅಂದೆ. "ಊಟ ಮಾಡಿ ಹೋಗ್ರಿ" ಅಂದರು. ರೊಟ್ಟಿ, ಶೇಂಗಾ ಚಟ್ನಿ, ಮುಳಗಾಯಿ ಪಲ್ಯ. ಬಸ್ ಸ್ಟ್ಯಾಂಡಿನ ತನಕ ಬೈಕಿನಲ್ಲಿ ಬಿಟ್ಟರು. ಬಸ್ ಹತ್ತುವಾಗ "ಎರಡು ದಿನ ಬಿಟ್ಟ ಹೇಳ್ತೀವ್ರಿ" ಅಂದರು. ಹದಿಮೂರು ಮನೆಯವರೂ ಇದೇ ಮಾತು ಹೇಳಿದ್ದರು.

ಮಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅವ್ವ ದೇವರ ಮುಂದೆ ದೀಪ ಹಚ್ಚಿ ಕೂತಿದ್ದಾಳೆ. ಇವತ್ತು ಸಂಜೆ ಅವಳ ಫೋನ್ ಬಂತು. ಅಪ್ಪ ಏನಂದರು ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. "ಇವತ್ತ ಯಾವ ಶಿಫ್ಟ್?" ಅಂದಳು.

"ರಾತ್ರಿ ಪಾಳಿ. ಹನ್ನೊಂದಕ್ಕ ಕರೆಂಟ್ ಬರತೈತಿ" ಅಂದೆ.